ಕೊಪ್ಪಳದಲ್ಲಿ ಬಿಸಿಎ ಮುಗಿಸಿದ್ದೇನೆ. ಸೈಬರ್ ಸೆಕ್ಯುರಿಟಿಯಲ್ಲಿ ಮ್ಯಾನೇಜರ್ ಆಗಲು ಯಾವ ಕೋರ್ಸ್ ಮಾಡಬೇಕು?

ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತಲೂ ಬರೆದಿದ್ದೀರಿ. ನಾನು ಮುನಿರಾಬಾದಿನವನು, ಓದಿದ್ದು ಕನ್ನಡ ಮೀಡಿಯಂ. ಈಗ ಒಂದು ಕಂಪನಿಯ ಕಾರ್ಖಾನೆಗಳ ಸೆಕ್ಯುರಿಟಿ ಹೊಣೆ ನನ್ನ ಮೇಲಿದೆ. ಇಂಗ್ಲಿಷ್ ಇವತ್ತಿಗೂ ಮುನಿರಾಬಾದಿನದೇ. ಕೋರ್ಸಿನ ಮಾತು ಬೇಗ ಮುಗಿಸುತ್ತೇನೆ. ನೆಟ್‌ವರ್ಕಿಂಗ್, ಲಿನಕ್ಸ್ ಗಟ್ಟಿ ಮಾಡಿಕೊಳ್ಳಿ, ಲಾಗ್, ಅಂದರೆ ಕಂಪ್ಯೂಟರ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ದಾಖಲೆ, ಓದುವುದನ್ನು ರೂಢಿ ಮಾಡಿಕೊಳ್ಳಿ. ಸಿಐಎಸ್‌ಎಸ್‌ಪಿ ಅನ್ನುವ ದೊಡ್ಡ ಸೆಕ್ಯುರಿಟಿ ಸರ್ಟಿಫಿಕೇಟಿಗೆ 5 ವರ್ಷದ ಅನುಭವ ಕೇಳುತ್ತಾರೆ, ಈಗಲೇ ಅದಕ್ಕೆ ದುಡ್ಡು ಸುರಿಯಬೇಡಿ.

ಮ್ಯಾನೇಜರ್ ಕೆಲಸ ಬೇರೆಯದೇ ವಿದ್ಯೆ. ನಾನು ಅದನ್ನು ಕಲಿತದ್ದು ಒಬ್ಬ ಹುಡುಗನನ್ನು ಬೈದು.

ಆಗಷ್ಟೇ ಟೀಮ್ ಲೀಡ್ ಆಗಿದ್ದೆ. ನಮ್ಮ ಕಡೆಯದೇ ಕಾರ್ಖಾನೆ. ಅಕೌಂಟ್ಸ್ ಹುಡುಗ ಮೇಲ್‌ನಲ್ಲಿ ಬಂದ ನಕಲಿ ಬಿಲ್ ತೆರೆದಿದ್ದ. ತಾನಾಗಿ ಓಡಿಬಂದು, "ಸರ್ರೀ, ಏನೋ ಒತ್ತೀನ್ರಿ, ಸ್ಕ್ರೀನು ಬ್ಯಾರೆನ ಆಗೇತಿ" ಅಂದ. ಅರ್ಧ ಗಂಟೆಯಲ್ಲಿ ಆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬಿಡಿಸಿದೆವು, ಹಾನಿ ಏನೂ ಆಗಲಿಲ್ಲ. ಆದರೂ ಹತ್ತು ಜನರ ಮುಂದೆ ಅವನ ಮರ್ಯಾದೆ ತೆಗೆದೆ. ಶಿಸ್ತು ಅಂದರೆ ಅದೇ ಅಂದುಕೊಂಡಿದ್ದೆ.

ನಾಲ್ಕು ತಿಂಗಳ ಮೇಲೆ ಸ್ಟೋರ್ಸ್‌ನ ಹಿರಿಯರೊಬ್ಬರಿಗೆ ಅದೇ ಆಯಿತು. ಅವರು ಬಾಯಿ ಬಿಡಲಿಲ್ಲ. ಮಾನಿಟರ್ ಅಷ್ಟೇ ಆಫ್ ಮಾಡಿ ಮನೆಗೆ ಹೋದರು. ನಮಗೆ ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದು ಸ್ಟೋರ್ಸಿನ ಫೈಲುಗಳೆಲ್ಲ ಲಾಕ್ ಆಗಿದ್ದವು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ಆ ಹುಡುಗನ್ನ ಬೈದದ್ದು ನಾನೂ ನೋಡೀನಲ್ರಿ" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಅದೇ ಹತ್ತು ಜನರ ಎದುರು ಆ ಹುಡುಗನ ಹತ್ತಿರ ತಪ್ಪಾಯಿತು ಅಂದೆ. ತಾನಾಗಿ ಬಂದು ಹೇಳಿದವರನ್ನು ಯಾರೂ ಬೈಯುವಂತಿಲ್ಲ ಅಂತ ಅಂದಿನಿಂದ ನಿಯಮ. ಈಗಂತೂ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಕೊಡಬೇಕು, 2022ರ ಏಪ್ರಿಲ್‌ನ ಆದೇಶ. ಹೆದರಿದ ಜನರನ್ನು ಇಟ್ಟುಕೊಂಡು 6 ಗಂಟೆಯಲ್ಲಿ ಏನು ಬರೆದು ಕಳಿಸುತ್ತೀರಿ?

ಇನ್ನೊಂದು ಪಾಠ ನಮ್ಮೂರಿನ ಡ್ಯಾಮಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರು ಕಾದು ಕೂತಿದ್ದ ನೀರನ್ನು ಹೊಳೆಗೆ ಬಿಟ್ಟರು. ವಾರದೊಳಗೆ ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತಡೆ, ಕೂಡಿಸಿತು. ಜನ ಸ್ಟಾಪ್‌ಲಾಗ್ ಹೊಗಳಿದರು, ಹೊಗಳಬೇಕಾದದ್ದೇ. ನನಗೆ ಮಾತ್ರ ಆ ರಾತ್ರಿ "ಬಿಡ್ರಿ ನೀರು" ಅಂದವರ ಎದೆ ಎಂಥದಿರಬೇಕು ಅನ್ನಿಸಿತು.

ದಾಳಿಯಾದಾಗ ನಮ್ಮ ಕಾರ್ಖಾನೆಯಲ್ಲೂ ಒಬ್ಬರು "ಲೈನ್ ನಿಲ್ಲಿಸಿ" ಅನ್ನಲೇಬೇಕು. 2019ರಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೊ ಮೇಲೆ ರಾನ್ಸಮ್‌ವೇರ್, ಅಂದರೆ ಫೈಲು ಲಾಕ್ ಮಾಡಿ ದುಡ್ಡು ಕೇಳುವ ವೈರಸ್, ಬಿದ್ದಾಗ ನೆಟ್‌ವರ್ಕ್ ಕಡಿದು, ಸಾಧ್ಯವಿದ್ದಲ್ಲಿ ಕೈಯಿಂದಲೇ ಕೆಲಸ ನಡೆಸಿದರು, ಕೇಳಿದ ದುಡ್ಡು ಕೊಡಲಿಲ್ಲ, ಆಗಿದ್ದನ್ನು ಮುಚ್ಚಿಡಲೂ ಇಲ್ಲ. ನಿಲ್ಲಿಸುವವರು ಯಾರು ಅಂತ ಮೊದಲೇ ಬರೆದಿಡದಿದ್ದರೆ ರಾತ್ರಿ ಎರಡಕ್ಕೆ ಹನ್ನೊಂದು ಜನ ಕಾನ್ಫರೆನ್ಸ್ ಕಾಲ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮಲ್ಲಿ ರಾತ್ರಿ ಪಾಳಿಯ ಎಂಜಿನಿಯರ್ ಯಾರನ್ನೂ ಕೇಳದೆ ನೆಟ್‌ವರ್ಕ್ ಕೇಬಲ್ ಕೀಳಬಹುದು. ಇದಕ್ಕೆ ಎಂಡಿಯವರನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು. ವೈರಸ್ ಹೆಸರು ಹೇಳಿ ಹೆದರಿಸಿದರೆ ಅವರು ಜಗ್ಗಲಿಲ್ಲ. ಒಂದು ತಾಸು ನಿಂತರೆ ಎಷ್ಟು, ನಾಲ್ಕು ದಿನ ನಿಂತರೆ ಎಷ್ಟು ಅಂತ ರೂಪಾಯಿ ಲೆಕ್ಕ ಇಟ್ಟಾಗಲೇ ಸಹಿ ಬಿತ್ತು.

ಹೋದ ವರ್ಷ ಒಬ್ಬ ಸುಮ್ಮಸುಮ್ಮನೆ ಕಿತ್ತ. ನಲವತ್ತು ನಿಮಿಷ ಉತ್ಪಾದನೆ ಹೋಯಿತು. ಎಂಡಿಯವರ ಫೋನ್ ನಾನು ನೋಡಿಕೊಂಡೆ. ಅವನಿಗೆ ಮಿರ್ಚಿ ಮಂಡಕ್ಕಿ ತರಿಸಿಕೊಟ್ಟೆ.