ತಟ್ಟೆ ತಿರುಗಿಸಿದ್ದಕ್ಕೇ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ಗೆ ನೊಬೆಲ್ ಬಂದಿತೇ?

ಅರ್ಧ ನಿಜ ಸರ್. ತಟ್ಟೆಗೆ ಬಹುಮಾನ ಬರಲಿಲ್ಲ, ಆದರೆ ತಟ್ಟೆಯಿಲ್ಲದೆ ಬಹುಮಾನ ತಂದ ಸಂಶೋಧನೆಯ ದಾರಿಗೆ ಅವರು ಮರಳುತ್ತಿದ್ದರೋ ಇಲ್ಲವೋ.

ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ಫೈನ್‌ಮನ್ ಬತ್ತಿಹೋಗಿದ್ದರು. 1945ರ ಜೂನ್‌ನಲ್ಲಿ ಹೆಂಡತಿ ಅರ್ಲೀನ್ ಕ್ಷಯದಿಂದ ತೀರಿಕೊಂಡಿದ್ದರು, ಮರುವರ್ಷ ತಂದೆ. ಸಂಶೋಧನೆ ಎಂದರೆ ಬೇಸರ. ಕೊನೆಗೆ, ಇನ್ನು ಮುಂದೆ ಭೌತವಿಜ್ಞಾನವನ್ನು ಮೊದಲಿನಂತೆ ಬರೀ ಆಟಕ್ಕೆ ಮಾಡುತ್ತೇನೆ ಎಂದು ತೀರ್ಮಾನಿಸಿದರು.

ಅದೇ ದಿನಗಳಲ್ಲಿ ಕ್ಯಾಂಟೀನಿನಲ್ಲಿ ಯಾರೋ ತಟ್ಟೆಯೊಂದನ್ನು ಮೇಲಕ್ಕೆಸೆದರು. ಅದರ ಮೇಲಿದ್ದ ಕಾರ್ನೆಲ್ ಲಾಂಛನ ಸುತ್ತುತ್ತಿತ್ತು, ತಟ್ಟೆಯ ಅಂಚು ಓಲಾಡುತ್ತಿತ್ತು, ಎರಡರ ವೇಗ ಬೇರೆ ಬೇರೆ. ಫೈನ್‌ಮನ್ ಲೆಕ್ಕಕ್ಕೆ ಕುಳಿತರು. ವಾಲು ಕಡಿಮೆಯಿದ್ದರೆ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಓಲಾಟ ಎರಡು ಬಾರಿ ಆಗುತ್ತದೆ. (ತಮಾಷೆಯೆಂದರೆ, ಮುಂದೆ ಈ ಕಥೆ ಹೇಳುವಾಗ ಅವರೇ ಅದನ್ನು ತಿರುಗುಮುರುಗು ಮಾಡಿಬಿಟ್ಟರು!) ಹಿರಿಯ ಸಹೋದ್ಯೋಗಿ ಹನ್ಸ್ ಬೇಥೆ, ಇದರಿಂದ ಏನು ಉಪಯೋಗ ಎಂದು ಕೇಳಿದರಂತೆ. ಏನೂ ಇಲ್ಲ, ಮಜಾ ಇದೆ, ಅಷ್ಟೇ ಎಂಬುದು ಉತ್ತರ.

ತಟ್ಟೆಯ ಓಲಾಟದಿಂದ ಎಲೆಕ್ಟ್ರಾನಿನ ಗಿರಕಿಗೆ, ಅಲ್ಲಿಂದ ಕೈಬಿಟ್ಟಿದ್ದ ಕ್ವಾಂಟಂ ವಿದ್ಯುತ್‌ಗತಿಶಾಸ್ತ್ರಕ್ಕೆ (ಬೆಳಕು, ಎಲೆಕ್ಟ್ರಾನುಗಳು ಒಂದರ ಮೇಲೊಂದು ಹೇಗೆ ಪ್ರಭಾವ ಬೀರುತ್ತವೆ ಎಂದು ಹೇಳುವ ಶಾಸ್ತ್ರ) ಮನಸ್ಸು ಜಾರಿತು. ಆ ಕೆಲಸಕ್ಕೇ 1965ರಲ್ಲಿ ಶ್ವಿಂಗರ್, ಟೊಮೊನಾಗ ಅವರ ಜೊತೆ ನೊಬೆಲ್ ಹಂಚಿಕೆಯಾದದ್ದು.

ಮನೆಯಲ್ಲಿ ಸ್ಟೀಲ್ ತಟ್ಟೆಯ ಅಂಚಿಗೆ ಒಂದು ಬಿಂದಿ ಅಂಟಿಸಿ, ತುಸು ವಾಲುವಂತೆ ಗಿರ್ರನೆ ಎಸೆದು, ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎಣಿಸಿ ನೋಡಿ. ಹಾಸಿಗೆಯ ಮೇಲೆಯೇ ಎಸೆಯಿರಿ, ನಮ್ಮ ಮನೆಯ ನೆಲದ ಟೈಲ್ಸ್ ಒಂದು ಬಿರುಕು ಬಿಟ್ಟಿದೆ.