ವಿಮಾನನ ಟ್ಯಾಕ್ಸಿ ಮಾಡುವಾಗ, ಅಂದ್ರೆ ನೆಲದ ಮೇಲೆ ಓಡಿಸುವಾಗ, ಹಳದಿ ಗೆರೆ ಮೇಲೇ ಇದ್ರೆ ಸಾಕಾ? ರೆಕ್ಕೆ ತುದಿ ದೂರ ಅಂದಾಜು ಮಾಡೋಕೆ ಟ್ರಿಕ್ ಇದೆಯಾ?
ಸಾಕಾಗಲ್ಲ. ನಾನು ಗೆರೆ ಮೇಲೇ ಇದ್ದೆ.

ಅರಿಝೋನಾದಲ್ಲಿ ಟ್ರೇನಿಂಗ್, ಸೆಸ್ನಾ 172 ಅನ್ನೋ ಪುಟ್ಟ ವಿಮಾನ, ಒಬ್ಬನೇ ಹಾರಿಸೋ ಮೂರನೇ ಸೋಲೋ ಮುಗಿಸಿ ಪಾರ್ಕಿಂಗ್‌ಗೆ ಬರ್ತಿದ್ದೆ. ಬಲಗಡೆ ನಿಂತಿದ್ದ ಇನ್ನೊಂದು ಸೆಸ್ನಾದ ಬಾಲ ಯಾಕೋ ಗೆರೆ ಕಡೆ ಜಾಸ್ತಿ ಚಾಚಿದಂಗಿದೆ ಅನ್ನಿಸ್ತು. ಎಂಜಿನ್ ಪವರ್ ಕಮ್ಮಿ ಮಾಡೋಕೆ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದೆ, ಆದ್ರೆ ನಿಲ್ಲಿಸಲಿಲ್ಲ. ಟಕ್ ಅಂತ ಒಂದು ಸದ್ದು, ಮೂತಿ ಬಲಕ್ಕೆ ತಿರುಗ್ತು. ಇಳಿದು ನೋಡಿದ್ರೆ ಬಲ ರೆಕ್ಕೆ ತುದಿಯ ಹಸಿರು ಲೈಟಿನ ಗಾಜು ನೆಲದ ಮೇಲೆ ಚೂರುಚೂರು, ಆ ವಿಮಾನದ ರಡರ್ (ಬಾಲದಲ್ಲಿರೋ ಚುಕ್ಕಾಣಿ) ಸೊಟ್ಟಗಾಗಿತ್ತು.

ನನ್ನ ತಪ್ಪು ಅಂದಾಜಿನದ್ದಲ್ಲ, ಇದನ್ನ ಬಿಡಿಸಿ ಹೇಳ್ತೀನಿ ಕೇಳಿ. ಅನುಮಾನ ಬಂದಿತ್ತು ನಂಗೆ, ಬಂದಮೇಲೂ ನಿಧಾನ ಮಾಡಿದೆ ಅಷ್ಟೇ, ನಿಧಾನ ಮಾಡಿದ್ರೆ ಏನೋ ಜಾಗ್ರತೆ ವಹಿಸಿದೀನಿ ಅಂತ ಮನಸ್ಸಿಗೆ ಸಮಾಧಾನ ಆಗ್ಬಿಡುತ್ತೆ, ಆದ್ರೆ ನಡೆಯೋ ಸ್ಪೀಡಲ್ಲೂ ಸೆಕೆಂಡಿಗೆ ನಾಲ್ಕೈದು ಅಡಿ ಹೋಗುತ್ತೆ, ಹೋಗುತ್ತೋ ತಾಗುತ್ತೋ ಅಂತ ಯೋಚಿಸ್ತಾ ಕೂತ್ರೆ ಕಾಲು ಬ್ರೇಕ್ ಒತ್ತೋ ಹೊತ್ತಿಗೆ ಜಾಗ ಮುಗಿದಿರುತ್ತೆ. ಅನುಮಾನ ಬಂದ ಆ ಕ್ಷಣಕ್ಕೇ ಎರಡೂ ಬ್ರೇಕ್ ಒತ್ತಿ ನಿಂತಿದ್ರೆ ಏನೂ ಆಗ್ತಿರಲಿಲ್ಲ.

ಹಳದಿ ಗೆರೆ ಬಳಿಯೋದು ಎಲ್ರೂ ಅವರವರ ಜಾಗದಲ್ಲಿ ಸರಿಯಾಗಿ ನಿಲ್ಲಿಸಿರ್ತಾರೆ ಅಂದ್ಕೊಂಡು. ನೆಲದ ಮೇಲಿನ ಓಡಾಟ ನೋಡ್ಕೊಳ್ಳೋ ಗ್ರೌಂಡ್ ಕಂಟ್ರೋಲ್‌ನವರು ಟ್ಯಾಕ್ಸಿ ಕ್ಲಿಯರೆನ್ಸ್ ಕೊಟ್ಟಿದ್ರು ಅನ್ನೋದೂ ಕಾಯಲ್ಲ, ಪಾರ್ಕಿಂಗ್ ಜಾಗದಲ್ಲಿ ಪೂರ್ತಿ ಹೊಣೆ ಪೈಲಟ್‌ದೇ.

ನೆಲದ ಮೇಲೆ ತಾನೇ, ಏನಾಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್‌ನ ಲಿನಾಟೆ ಏರ್‌ಪೋರ್ಟಲ್ಲಿ ಸಣ್ಣ ಸೆಸ್ನಾ ಜೆಟ್ ಒಂದು ಮಂಜಲ್ಲಿ ತಪ್ಪು ಟ್ಯಾಕ್ಸಿವೇ ಹಿಡಿದು ರನ್‌ವೇಗೇ ಬಂದ್ಬಿಡ್ತು, ಟೇಕಾಫ್ ಆಗ್ತಿದ್ದ ಎಂಡಿ-87 ಪ್ರಯಾಣಿಕರ ಜೆಟ್ ಅದಕ್ಕೆ ಗುದ್ದಿ 118 ಜನ ತೀರಿಹೋದ್ರು.

ಹಾಗಾಗಿ ಟ್ರಿಕ್ ಹುಡುಕ್ಬೇಡಿ. ನಿಲ್ಲಿಸಿ, ಮಿಕ್ಶ್ಚರ್ (ಇಂಧನ ನಿಲ್ಲಿಸೋ ಹಿಡಿ) ಎಳೆದು ಎಂಜಿನ್ ಆಫ್ ಮಾಡಿ, ಪ್ರೊಪೆಲ್ಲರ್ ಪೂರ್ತಿ ನಿಂತಮೇಲೆ ಇಳಿದು ಕಣ್ಣಾರೆ ನೋಡಿ. 172ನ ಇಬ್ಬರು ಸೇರಿ ಮುಂದಿನ ಚಕ್ರಕ್ಕೆ ಟೋ ಬಾರ್ (ವಿಮಾನ ಎಳೆಯೋ ಕೋಲು) ಹಾಕಿ ಆರಾಮಾಗಿ ತಳ್ಳಬಹುದು, ಹಿಂದೆ ಇನ್ನೊಬ್ರು ಕಾಯ್ತಿದ್ರೆ ಕಾಯ್ಲಿ ಬಿಡಿ. ಅಂದಾಜಿನ ಮೇಲೆ ಇನ್ನೂ ನಂಬಿಕೆ ಇದ್ರೆ ನಿಂತಿರೋ ವಿಮಾನದ ಎಡ ಸೀಟಲ್ಲಿ ಕೂತು, ಬಲ ರೆಕ್ಕೆ ತುದಿ ನೆಲದ ಮೇಲೆ ಎಲ್ಲಿಗೆ ಬರುತ್ತೆ ಅಂತ ಹೇಳಿ ಫ್ರೆಂಡ್‌ನ ಅಲ್ಲಿ ನಿಲ್ಲಿಸಿ, ಆಮೇಲೆ ಇಳಿದು ಹೋಗಿ ಅವರ ತಲೆ ಮೇಲೆ ರೆಕ್ಕೆ ಇದೆಯಾ ನೋಡಿ.