ಮೂರು ವಾರದಲ್ಲಿ ಕಾದಂಬರಿ ಮೇಲೆ ಪ್ರಬಂಧ: ಮೊದಲು ಏನು ಮಾಡಬೇಕು?

ಮುಂಬಯಿಯಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದೀರಿ, ಒಂದು ಕಾದಂಬರಿಯ ಮೇಲೆ ಹದಿನೈದು ಪುಟದ ಪ್ರಬಂಧ ಮೂರು ವಾರದಲ್ಲಿ ಕೊಡಬೇಕು, ಮೊದಲು ವಿಮರ್ಶೆ ಓದಲೋ ಬರೆಯಲು ಕೂರಲೋ ಎಂದು ಕೇಳಿದ್ದೀರಿ. ಎರಡೂ ಬೇಡ, ಮೊದಲು ಕಾದಂಬರಿ ಓದಿ. ನಗಬೇಡಿ, ಬೆನ್ನುಡಿ ಓದಿಯೇ ಒಂದು ಸೆಮಿಸ್ಟರ್ ದಾಟಿಸಿದವನು ನಾನು.

ಫೋರ್ಟ್‌ನಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ, ನಡುವೆ ಎಂ.ಎ. ಪ್ರಬಂಧಕ್ಕೆ ಯಶವಂತ ಚಿತ್ತಾಲರ 'ಶಿಕಾರಿ' (1979) ಆರಿಸಿಕೊಂಡೆ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ಬಾಳಿದ ಲೇಖಕ, ನಾನೂ ಊರು ಬಿಟ್ಟು ಬಂದವನು, ಆದ್ದರಿಂದ 'ಶಿಕಾರಿಯಲ್ಲಿ ಮುಂಬಯಿ' ಎಂದು ವಿಷಯ ಬರೆದುಕೊಟ್ಟೆ. ಮೇಡಂ ಓದಿ, "ಮುಂಬಯಿ ಇದೆ, ಸರಿ. ಅದಕ್ಕೇನೀಗ?" ಅಂದರು. ಉತ್ತರ ಹೊಳೆಯಲಿಲ್ಲ. ನಿಮ್ಮ ವಿಷಯಕ್ಕೂ ಇದೇ ಪ್ರಶ್ನೆ ಹಾಕಿ ನೋಡಿ.

ಎರಡನೇ ಸಲ ಓದಿದ್ದು ರೈಲಿನಲ್ಲೇ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಅದೃಷ್ಟವಿದ್ದರೆ ಸೀಟು ಸಿಗುತ್ತದೆ. ಕೈಯಲ್ಲಿ ಪೆನ್ಸಿಲ್. ಎಲ್ಲಿ ಮನಸ್ಸು ತಡವರಿಸಿತೋ ಅಲ್ಲಿ ಅಂಚಿನಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ, ಮತ್ತೇನೂ ಬರೆಯಲಿಲ್ಲ. ನಾಲ್ಕು ದಿನವಾದ ಮೇಲೆ ತಿರುವಿ ನೋಡಿದರೆ ಚಿಹ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಜಾಗದಲ್ಲಿ ಬಿದ್ದಿದ್ದವು. ಕಂಪನಿ ಕಥಾನಾಯಕ ನಾಗಪ್ಪನ ಮೇಲೆ ಏನೋ ಆರೋಪ ಹೊರಿಸಿದೆ, ಏನೆಂದು ಅವನಿಗೇ ಗೊತ್ತಿಲ್ಲ. ಆದರೂ ಅವನು ತನ್ನ ಹಳೆಯ ಬದುಕನ್ನೇ ಕೆದಕುತ್ತ ಹೋಗುತ್ತಾನೆ. ಆರೋಪವೇ ತಿಳಿಯದವನು ತಪ್ಪನ್ನು ತನ್ನೊಳಗೇ ಏಕೆ ಹುಡುಕುತ್ತಾನೆ? ನನ್ನ ಹದಿನೈದು ಪುಟ ಹುಟ್ಟಿದ್ದು ಈ ಒಂದು ಸಾಲಿನಿಂದ. ನಾನು ಕೈಬಿಟ್ಟಿದ್ದ ಮುಂಬಯಿಯೂ ಹಿಂದಿನ ಬಾಗಿಲಿಂದ ತಾನೇ ಒಳಗೆ ಬಂತು.

ವಿಮರ್ಶೆ ಹಿಡಿದದ್ದು ಇದಾದ ಮೇಲೆ. 'ಶಿಕಾರಿ' ಅಂದರೆ ಜರ್ಮನ್ ಭಾಷೆಯ ಲೇಖಕ ಕಾಫ್ಕಾ ಹೆಸರು ಬಂದೇ ಬರುತ್ತದೆ. ಮೊದಲೇ ಓದಿದ್ದರೆ ಪ್ರಬಂಧವೆಲ್ಲ ಅವನ ಪಾಲಾಗುತ್ತಿತ್ತು. ಆದರೆ ಪ್ರಶ್ನೆ ಕೈಯಲ್ಲಿತ್ತಲ್ಲ, ಒಂದು ಪ್ಯಾರಾ ಸಾಕಾಯಿತು: ಕಾಫ್ಕಾನ ಕಾದಂಬರಿ 'ದಿ ಟ್ರಯಲ್'ನ ನಾಯಕ ಯೋಸೆಫ್ ಕೆ.ಗೂ ಆರೋಪ ಗೊತ್ತಿಲ್ಲ, ಆದರೆ ಅವನು ತಾನು ನಿರಪರಾಧಿ ಎಂದೇ ವಾದಿಸುತ್ತಾನೆ, ನಾಗಪ್ಪನಿಗೆ ಆ ಧೈರ್ಯ ಸುಲಭವಾಗಿ ಬರುವುದಿಲ್ಲ. ವಿಮರ್ಶಕರನ್ನು ಒಪ್ಪಬೇಕೆಂದೇನಿಲ್ಲ, ಜಗಳಕ್ಕೆ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಪುಸ್ತಕಗಳಿಗೆ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಗ್ರಂಥಾಲಯ ಇದ್ದೇ ಇದೆ, ಅಲ್ಲಿ ಸಿಗದಿದ್ದರೆ ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘದವರನ್ನು ವಿಚಾರಿಸಿ.

ಬರೆಯುವುದು ಒಂದು ವಾರದ ಕೆಲಸ. ಪೀಠಿಕೆಯಿಂದ ಶುರು ಮಾಡಬೇಡಿ, ನಿಮಗೆ ಚೆನ್ನಾಗಿ ಹಿಡಿತಕ್ಕೆ ಸಿಕ್ಕ ಪ್ರಸಂಗದಿಂದ ಶುರು ಮಾಡಿ. ಪೀಠಿಕೆ ಕೊನೆಗೆ, ಒಂದೇ ಸಂಜೆಯಲ್ಲಿ ಆಗುತ್ತದೆ. ಕರಡನ್ನು ಜೋರಾಗಿ ಓದಿ. ನನ್ನ ಹೆಂಡತಿ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡು, "ಅಸ್ತಿತ್ವವಾದ ಅಂತ ಎಷ್ಟು ಸಲ ಅಂತೀರಿ?" ಎಂದಳು. ಎಣಿಸಿದೆ, ಒಂಬತ್ತು. ಎಂಟನ್ನು ಹೊಡೆದುಹಾಕಿದ ಮೇಲೂ ಅರ್ಥ ಹಾಗೇ ಉಳಿಯಿತು.

ಟಿಪ್ಪಣಿಯ ಮಾತೊಂದು ಬಾಕಿ. ಆಫೀಸಿನ ರದ್ದಿ ಪ್ರಿಂಟ್‌ಔಟ್‌ಗಳನ್ನು ನಾಲ್ಕಾಗಿ ಹರಿದು, ಹಿಂಬದಿಯಲ್ಲಿ ಮೇಲೆ ಪುಟಸಂಖ್ಯೆ, ನಡುವೆ ಕಾದಂಬರಿಯ ಮಾತು, ಕೆಳಗೆ ಗೆರೆ ಎಳೆದು ನನ್ನ ಮಾತು ಬರೆಯುತ್ತಿದ್ದೆ. ಗೆರೆ ಇಲ್ಲದಿದ್ದರೆ ಹತ್ತು ದಿನದ ನಂತರ ಯಾವುದು ಯಾರದ್ದೆಂದೇ ತಿಳಿಯುವುದಿಲ್ಲ. ಇಷ್ಟು ಜಾಣತನ ಮಾಡಿಯೂ ಅರ್ಧ ಟಿಪ್ಪಣಿ ಗ್ರಂಥಾಲಯದ ಹಳೇ ಮುದ್ರಣದ್ದು, ಅರ್ಧ ನಾನು ಕೊಂಡ ಹೊಸ ಮುದ್ರಣದ್ದು. ಪುಟಸಂಖ್ಯೆ ಒಂದಕ್ಕೊಂದು ತಾಳೆಯಾಗಲಿಲ್ಲ. ಕೊಡುವ ಹಿಂದಿನ ಭಾನುವಾರವಿಡೀ ನೆಲದ ಮೇಲೆ ಚೀಟಿ ಹರಡಿಕೊಂಡು, ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಪುಟ ಹುಡುಕಿದೆ. ಮೊದಲ ಚೀಟಿಯ ಮೇಲೆಯೇ ಯಾವ ಮುದ್ರಣ, ಯಾವ ವರ್ಷ ಎಂದು ಬರೆದಿಡಿ.